ಹೆಂಗಸರ ಡಾಕ್ಟರ ಬಾಗಿಲಲ್ಲಿ ಕೂತು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ನಗುವ ವಿಷಯ ಹೇಳೋಣವೆಂದು ಕೂತರೆ ನಡುವೆ ಸಿಟ್ಟು ಬರುತ್ತದೆ, ಸಿಟ್ಟು ಯಾಕೆ ಬಂತೆಂದು ಹೇಳಹೋದರೆ ವಿವರಣೆ ಉದ್ದವಾಗುತ್ತದೆ, ಅಷ್ಟರಲ್ಲಿ ನಗು ತಣ್ಣಗಾಗಿರುತ್ತದೆ. ಚೆನ್ನಾಗಿ ಹೇಳಬಲ್ಲವರು ಯಾರಾದರೂ ಇದನ್ನೇ ಹೇಳಿದ್ದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ನನ್ನ ಕೈಗೆ ಸಿಕ್ಕಿದ್ದು ನಿಮ್ಮ ದುರದೃಷ್ಟ.

ನಾನು ಯಾರು ಎಂದು ಹೇಳಬೇಕಲ್ಲವೇ. ನಮ್ಮದು ಮಂಡ್ಯದ ಕಡೆ. ಬಹಳ ವರ್ಷದಿಂದ ಚೆನ್ನೈಯಲ್ಲಿದ್ದೇನೆ. ಅಣ್ಣಾನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಹೆಂಗಸರ ಡಾಕ್ಟರ ಕ್ಲಿನಿಕ್ಕಿದೆ. ಅದರ ಮ್ಯಾನೇಜರ್ ನಾನು. ಮ್ಯಾನೇಜರ್ ಅಂದರೆ ದೊಡ್ಡದಾಗಿ ಏನೂ ಅಂದುಕೊಳ್ಳಬೇಡಿ. ಇದೆಲ್ಲ ನಡೆದಾಗ ಡಾಕ್ಟರಮ್ಮನ ಕೋಣೆಯ ಬಾಗಿಲ ಪಕ್ಕ ನನ್ನ ಮೇಜು ಇತ್ತು. ಟೋಕನ್ ಕೊಡುವುದು, ಫೋನ್ ಎತ್ತುವುದು, ಕರೆಂಟ್ ಹೋದರೆ ಲಸಿಕೆ ಇಟ್ಟ ಫ್ರಿಜ್ಜಿನ ಬಾಗಿಲನ್ನು ಯಾರೂ ತೆಗೆಯದಂತೆ ಕಾವಲು ಕಾಯುವುದು, ಇಷ್ಟೇ ಕೆಲಸ. ಹೆಂಗಸರ ಕ್ಲಿನಿಕ್ಕಿನ ಬಾಗಿಲಲ್ಲಿ ಗಂಡಸು ಕೂತರೆ ಮುಂದೆ ಹೇಳುವಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ವಾರಕ್ಕೊಂದಾದರೂ ನಡೆಯದಿದ್ದರೆ ಕ್ಲಿನಿಕ್ ರಜೆ ಎಂದು ತಿಳಿಯಬೇಕು.

ಎರಡು ಸಾವಿರದ ಎಂಟು, ಒಂಬತ್ತರ ಸುಮಾರಿಗೆ ನಮ್ಮಲ್ಲಿಗೆ ಹೊಸ ಲಸಿಕೆಯೊಂದು ಬಂತು. ಹೆಂಗಸರ ಗರ್ಭಕೋಶದ ಬಾಯಿಗೆ, ಅಂದರೆ ಗರ್ಭಕಂಠಕ್ಕೆ, ಬರುವ ಕ್ಯಾನ್ಸರನ್ನು ತಡೆಯುವ ಲಸಿಕೆ. ಎಚ್‌ಪಿವಿ ಎನ್ನುವ ವೈರಸ್ಸಿನಿಂದ ಆ ಕ್ಯಾನ್ಸರ್ ಬರುತ್ತದೆ, ಆ ವೈರಸ್ಸನ್ನೇ ಮೊದಲು ತಡೆದುಬಿಟ್ಟರೆ ಆಯಿತು ಎನ್ನುವುದು ಲೆಕ್ಕ. ಈಗಾಗಲೇ ಬಂದ ಕಾಯಿಲೆಯನ್ನು ಇದು ಗುಣ ಮಾಡುವುದಿಲ್ಲ. ಹಾಗಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಿಗೆ ಹಾಕಿಸಬೇಕು. ದೊಡ್ಡವರು ಪರೀಕ್ಷೆ ಮಾಡಿಸಿಕೊಳ್ಳಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಯಾವ ಡಿಗ್ರಿಯೂ ಬೇಡ.

ಇನ್ನು ಸಿಟ್ಟಿನ ವಿಷಯ. ಅಂಬತ್ತೂರಿನಲ್ಲಿ ನನ್ನ ಸ್ವಂತ ಅಕ್ಕ ಇದ್ದಾಳೆ. ಅವಳಿಗೆ ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳತೊಡಗಿತ್ತು. ಯುಗಾದಿಯಿಂದ ದೀಪಾವಳಿವರೆಗೆ ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಅವಳ ತಮ್ಮ ಕೂತಿದ್ದು ಎಲ್ಲಿ ಎಂದು ಮೇಲೆಯೇ ಹೇಳಿದ್ದೇನೆ. ಮುಂದಿನದನ್ನು ಓದುವಾಗ ಇದು ನಿಮ್ಮ ತಲೆಯಲ್ಲಿರಲಿ. ನೀವು ನಗುವ ಪ್ರತಿ ಪ್ರಸಂಗದ ಹಿಂದೆ ಅಕ್ಕ ಬಾಯಿ ಮುಚ್ಚಿಕೊಂಡು ಕೂತಿದ್ದಳು.

೧. ಹಸಿರು ಬ್ಲೌಸ್

ಆಗ ಲಸಿಕೆಯನ್ನು ಆರು ತಿಂಗಳ ಒಳಗೆ ಮೂರು ಸಲ ಹಾಕಿಸಬೇಕಿತ್ತು. ಜನ ಮೊದಲ ಸೂಜಿ ಹಾಕಿಸಿ ಮರೆತುಬಿಡುತ್ತಾರೆ. ಫೋನ್ ಮಾಡಿ ನೆನಪಿಸುವುದು ನನ್ನ ಕೆಲಸ.

ಒಬ್ಬ ತಾಯಿ ಮಗಳಿಗೆ ಮೊದಲ ಸೂಜಿ ಹಾಕಿಸಿ ಹೊರಡುವಾಗ ನನ್ನ ಮೇಜಿನ ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದರು. "ಮನೆಗೆ ಫೋನ್ ಮಾಡಿದಾಗ ಕ್ಲಿನಿಕ್ ಅನ್ಬೇಡಿ ಸಾರ್. ಟೈಲರ್ ಅನ್ನಿ. ಬ್ಲೌಸ್ ರೆಡಿ ಅಂದ್ರೆ ನಂಗೆ ಅರ್ಥ ಆಗುತ್ತೆ."

"ಯಾಕಮ್ಮಾ? ಕಳ್ಳಸಾಗಣೆ ಮಾಲೇನು ಇದು?"

"ನಮ್ಮ ಯಜಮಾನ್ರಿಗೆ ಗೊತ್ತಾದ್ರೆ, ಮದುವೆ ಆಗದ ಮಗಳಿಗೆ ಆ ಥರದ ಇಂಜೆಕ್ಷನ್ ಯಾಕೆ ಅಂತಾರೆ."

ಆ ಥರದ್ದು. ನನಗೆ ರೇಗುವುದು ಇಲ್ಲಿಯೇ. ಪೋಲಿಯೋ ಹನಿಗೆ ಸಾಲು ನಿಲ್ಲುತ್ತಾರೆ, ಕಾಮಾಲೆ ಲಸಿಕೆಗೆ ಆಫೀಸಿನಿಂದ ರಜೆ ಹಾಕಿ ಬರುತ್ತಾರೆ, ಸೊಂಟದ ಕೆಳಗಿನ ಕಾಯಿಲೆ ಅಂದ ಕೂಡಲೇ ಮನೆತನದ ಮಾನ ಎದ್ದು ನಿಲ್ಲುತ್ತದೆ. ಆದರೂ ತಾಯಿ ಧೈರ್ಯ ಮಾಡಿದ್ದಾರೆ, ನಾನು ಕೆಡಿಸುವುದು ಬೇಡವೆಂದು ಒಪ್ಪಿಕೊಂಡೆ.

ಎರಡನೆಯ ಸೂಜಿಯ ಹೊತ್ತಿಗೆ ಫೋನ್ ಮಾಡಿದೆ. ಎತ್ತಿದ್ದು ಯಜಮಾನರು.

"ಟೈಲರ್ ಮಾತಾಡೋದು. ಬ್ಲೌಸ್ ರೆಡಿ ಇದೆ" ಅಂದೆ.

"ಯಾವ ಬ್ಲೌಸು?"

ನಾನು ಇದನ್ನು ಯೋಚಿಸಿರಲಿಲ್ಲ. "ಹಸಿರು" ಅಂದುಬಿಟ್ಟೆ.

"ಅಂಗಡಿ ಎಲ್ಲಿ?"

"ಬೇಕರಿ ಮೇಲೆ" ಅಂದೆ. ಸುಳ್ಳು ಹೇಳಿ ರೂಢಿಯಿಲ್ಲದವನು ಒಂದು ಸುಳ್ಳಿನ ಪಕ್ಕ ಒಂದು ನಿಜ ಹೇಳಿಬಿಡುತ್ತಾನೆ.

ಅವತ್ತು ಸಂಜೆಯೇ ಅವರು ಬಟ್ಟೆ ಚೀಲ ಹಿಡಿದು ಬಂದರು. ಬೋರ್ಡ್ ನೋಡಲಿಲ್ಲ. ಬೆಂಚಿನ ಮೇಲೆ ಕೂತ ಹೆಂಗಸರನ್ನೆಲ್ಲ ಬ್ಲೌಸಿಗೆ ಬಂದವರೆಂದು ತಿಳಿದು ತಾವೂ ನಡುವೆ ಕೂತರು. ತಮ್ಮ ಸರದಿ ಬಂದಾಗ ಡಾಕ್ಟರಮ್ಮನ ಮುಂದೆ ನಿಂತು, "ಹೋದ ಸಲ ಹೊಲಿದಿದ್ದು ತೋಳು ಬಿಗಿ ಆಯ್ತಂತಮ್ಮ, ಈ ಸಲನಾದ್ರೂ ಸಡಿಲ ಬಿಟ್ಟಿದ್ದೀರಾ?" ಎಂದು ಕೇಳಿದರು.

ಆಮೇಲೆ ನಿಜ ಹೇಳಲೇಬೇಕಾಯಿತು. ಡಾಕ್ಟರಮ್ಮ ಕೂರಿಸಿ ಎಲ್ಲ ವಿವರಿಸಿದರು. ಯಜಮಾನರು ಖಾಲಿ ಬಟ್ಟೆ ಚೀಲವನ್ನು ಮಡಚಿ ಜೇಬಿಗೆ ತುರುಕಿಕೊಂಡರು. "ನನ್ನಿಂದ ಮುಚ್ಚಿಟ್ಟಿದ್ದು ಯಾಕೆ?" ಅಂದರು.

"ಹೇಳಿದ್ರೆ ಬೇಡ ಅಂತಿದ್ರಿ" ಅಂದೆ.

"ಹೌದು, ಅಂತಿದ್ದೆ" ಎಂದು ಒಪ್ಪಿಕೊಂಡರು. ಮನುಷ್ಯ ಕೆಟ್ಟವರಲ್ಲ. ಮರುದಿನ ಅವರೇ ಮಗಳನ್ನು ಕರೆದುಕೊಂಡು ಬಂದರು. ಹೋಗುವಾಗ ನನ್ನ ಮೇಜಿನ ಮುಂದೆ ನಿಂತು ಹೇಳಿದರು. "ಮೂರನೇದಕ್ಕೆ ಫೋನ್ ಮಾಡುವಾಗ ಇಂಜೆಕ್ಷನ್ ಅಂತಲೇ ಹೇಳಿ ಸಾರ್. ಬ್ಲೌಸ್ ಅಂದ್ರೆ ಹಿಂದೇನೇ ಸೀರೆ ಬರುತ್ತೆ."

೨. ಆಡಿ ತಿಂಗಳು

ನಮ್ಮಲ್ಲಿ ಆಷಾಢ ಹೇಗೋ ಇಲ್ಲಿ ಆಡಿ ತಿಂಗಳು ಹಾಗೆ. ಮದುವೆ, ಗೃಹಪ್ರವೇಶ ಯಾವುದೂ ಇಲ್ಲ. ಬಟ್ಟೆ ಅಂಗಡಿಗಳಲ್ಲಿ ಮಾತ್ರ ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ, ಯಾಕೆಂದರೆ ಆಗ ಬೆಲೆ ಇಳಿಸಿ ಮಾರುತ್ತಾರೆ. ಇದನ್ನು ಯಾಕೆ ವಿವರಿಸಿದೆ ಎನ್ನುವುದು ಕೊನೆಗೆ ತಿಳಿಯುತ್ತದೆ.

ಬೆಸೆಂಟ್ ನಗರದಿಂದ ಒಂದು ಕುಟುಂಬ ಬಂತು. ಅಜ್ಜಿ, ಅವರ ಮಗ, ಮೊಮ್ಮಗಳು. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡದವರು. ಅಜ್ಜಿ ಕನ್ನಡ ಮಾತಾಡುತ್ತಾರೆ, ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಮಗ ಇಬ್ಬರಿಗೂ ಇಂಗ್ಲಿಷಿನಲ್ಲಿ ಸುಮ್ಮನಿರಲು ಹೇಳುತ್ತಾರೆ.

ಅಜ್ಜಿ ಪಂಚಾಂಗ ತಂದಿದ್ದರು. "ಆಡಿಯಲ್ಲಿ ಶುರು ಮಾಡೋ ಹಾಗಿಲ್ಲಪ್ಪ. ಇದು ಕಳೆದು ಆವಣಿ ತಿಂಗಳು ಬರಲಿ."

"ಇದು ಲಸಿಕೆ ಅಜ್ಜಿ" ಅಂದೆ.

"ಮೂರು ಸಲ ಅಂದ್ಯಲ್ಲ. ಮೂರಕ್ಕೂ ಒಳ್ಳೆ ದಿನ ನೋಡ್ಬೇಡ್ವೇ? ಮೂರನೇದು ಮಾರ್ಗಳಿಯಲ್ಲಿ, ಧನುರ್ಮಾಸದಲ್ಲಿ ಬಿದ್ರೆ ಏನ್ಮಾಡ್ತೀ?"

ಮೊಮ್ಮಗಳು ತಮಿಳಿನಲ್ಲಿ, "ಪಾಟ್ಟಿ, ಊಸಿ ತಾನೇ, ಕಲ್ಯಾಣಮಾ?" ಅಂದಳು. ಅಜ್ಜಿ, ಇದು ಬರೀ ಸೂಜಿ, ಮದುವೆಯಾ ಅಂತ.

"ಅದೇ ಹೇಳ್ತಿರೋದು. ಮದುವೆ ಆದ್ಮೇಲೆ ಹಾಕಿಸ್ಕೊಂಡ್ರಾಯ್ತಲ್ಲ" ಅಂದರು ಅಜ್ಜಿ.

ಇಲ್ಲಿ ನಾನು ಸ್ವಲ್ಪ ವಿವರಿಸಬೇಕು. ವೈರಸ್ ಗಂಡುಹೆಣ್ಣಿನ ಸಂಬಂಧದಿಂದ ಒಬ್ಬರಿಂದ ಒಬ್ಬರಿಗೆ ಹೋಗುವಂಥದ್ದು. ಅದು ಮೈ ಸೇರುವ ಮೊದಲೇ ಲಸಿಕೆ ಹಾಕಿಸಿದರೆ ಪೂರ್ತಿ ಫಲ. ಮದುವೆಯಾದ ಮೇಲೆ ಹಾಕಿಸುವುದೆಂದರೆ ನೆಂದು ಬಂದ ಮೇಲೆ ಕೊಡೆ ಬಿಚ್ಚಿದಂತೆ. ಇದನ್ನು ಡಾಕ್ಟರಮ್ಮ ಹೇಳಬಲ್ಲರು, ಅಜ್ಜಿಯ ಮುಂದೆ ನನ್ನ ಬಾಯಲ್ಲಿ ಬರಲಿಲ್ಲ. ಡಾಕ್ಟರು ಹೇಳಿದಂತೆ ಮಾಡಿ ಅಂದೆ ಅಷ್ಟೇ.

ಆಗ ಮಗನ ಸರದಿ. ನನ್ನ ಮೇಜಿನ ಮೇಲೆ ಬಗ್ಗಿ ಕೇಳಿದರು. "ತೋಳಿಗೆ ಹಾಕಬೇಕಾ? ತೊಡೆಗೆ ಹಾಕೋಕಾಗಲ್ವಾ? ನಮ್ಮಮ್ಮನಿಗೆ ಸಿಡುಬಿನ ಲಸಿಕೆ ಹಾಕಿದ ಕಲೆ ಇನ್ನೂ ತೋಳಲ್ಲಿದೆ. ನಾಳೆ ಗಂಡಿನ ಕಡೆಯವರು ನೋಡಿದ್ರೆ ಇದು ಯಾವುದರ ಕಲೆ ಅಂತ ಕೇಳಲ್ವಾ?"

ಹುಡುಗಿ ಎಂಟನೇ ತರಗತಿ. ಕ್ಯಾನ್ಸರ್ ಬಂದರೆ ಎಂದು ಒಬ್ಬರೂ ಕೇಳಲಿಲ್ಲ. ಮದುವೆಯ ಮಾತನ್ನು ಇಬ್ಬರೂ ಎತ್ತಿದರು. ಇನ್ನೂ ಹುಟ್ಟಿದ್ದಾನೋ ಇಲ್ಲವೋ ಗೊತ್ತಿಲ್ಲದ ಗಂಡಿಗೆ ನಮ್ಮ ಕ್ಲಿನಿಕ್ಕಿನಲ್ಲಿ ಎಷ್ಟು ಮರ್ಯಾದೆ ಎಂದರೆ, ಎದುರಿಗೆ ಕೂತ ಹುಡುಗಿಗೆ ಅದರಲ್ಲಿ ಕಾಲು ಭಾಗ ಇಲ್ಲ. ಕಲೆ ಉಳಿಯುವುದಿಲ್ಲವೆಂದು ಹೇಳಿ ಕಳಿಸಿದೆ. ಹೇಳುವಾಗ ಟೋಕನ್ ಪುಸ್ತಕವನ್ನು ಸ್ವಲ್ಪ ಜೋರಾಗಿಯೇ ಮೇಜಿನ ಮೇಲೆ ಹಾಕಿದೆ.

ಆವಣಿ ತಿಂಗಳಲ್ಲಿ, ರಾಹುಕಾಲ ಕಳೆದು, ಮೂವರೂ ಬಂದು ಸೂಜಿ ಹಾಕಿಸಿದರು. ದುಡ್ಡು ಕೊಡುವಾಗ ಅಜ್ಜಿ ಬಿಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಕೇಳಿದರು. "ಆಡಿಯಲ್ಲೇ ಬಂದಿದ್ರೆ ಕಮ್ಮಿ ಇರ್ತಿತ್ತೇನಪ್ಪ?"

೩. ಸೆಕ್ರೆಟರಿಯ ಬೆರಳು

ನಮ್ಮ ಕಡೆಯವರದೊಂದು ಸಣ್ಣ ಸಂಘವಿದೆ. ರೈಲ್ವೆ, ಬ್ಯಾಂಕು, ವಿಮೆ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡದವರು ತಿಂಗಳಿಗೊಮ್ಮೆ ಭಾನುವಾರ ಸೇರುತ್ತೇವೆ. ಡಾಕ್ಟರಮ್ಮನನ್ನು ಕರೆಸಿ ಈ ಕ್ಯಾನ್ಸರಿನ ಬಗ್ಗೆ ಮಾತಾಡಿಸೋಣ ಎಂದು ನಾನು ಸೂಚಿಸಿದೆ. ಅವರು ಪಕ್ಕದಲ್ಲಿ ನಿಂತು ನನಗೆ ತಮಿಳಿನಲ್ಲಿ ಹೇಳುವುದು (ಅವರ ಮಾತೆಲ್ಲ ತಮಿಳೇ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ), ನಾನು ಮೈಕಿನಲ್ಲಿ ಕನ್ನಡಕ್ಕೆ ತರುವುದು ಎಂದು ತೀರ್ಮಾನವಾಯಿತು. ಅಕ್ಕನನ್ನೂ ಬರಲೇಬೇಕೆಂದು ಕರೆದಿದ್ದೆ. ಭಾವ ಮುಂದಿನ ಸಾಲು, ಅಕ್ಕ ಕೊನೆಯ ಸಾಲು.

ಶುರುವಾಗುವ ಮೊದಲು ಸಂಘದ ಸೆಕ್ರೆಟರಿ, ನಿವೃತ್ತ ಬ್ಯಾಂಕ್ ಅಧಿಕಾರಿ, ನನ್ನನ್ನು ಪಕ್ಕಕ್ಕೆ ಕರೆದರು. "ಸಂಸಾರಸ್ಥರು ಬಂದಿದ್ದಾರೆ ಕಣ್ರೀ. ಗರ್ಭಕೋಶ, ಲೈಂಗಿಕ, ಈ ಥರದ ಪದ ಬೇಡ."

"ಕಾಯಿಲೆ ಇರೋದೇ ಅಲ್ಲಿ ಸಾರ್" ಅಂದೆ.

"ಅಲ್ಲೇ ಇರಲಿ. ಹೇಳೋದ್ಯಾಕೆ?"

ಬಂದ ಸಂಸಾರಸ್ಥರೆಲ್ಲ ಮಕ್ಕಳನ್ನು ಹೆತ್ತೇ ಬಂದಿದ್ದರು, ಕೋಯಂಬೇಡಿನ ತರಕಾರಿ ಮಾರುಕಟ್ಟೆಯಲ್ಲಿ ತೂಕಕ್ಕೆ ಕೊಂಡಿರಲಿಲ್ಲ. ನಾನು ಪದ ಬಿಡುವುದಿಲ್ಲ ಎಂದು ನಿರ್ಧರಿಸಿದೆ. ನನ್ನ ಮುಖದಲ್ಲಿ ಅದು ಅವರಿಗೆ ಕಂಡಿರಬೇಕು. ಭಾಷಣ ಶುರುವಾದ ಕೂಡಲೇ ಅವರು ಕುರ್ಚಿ ಎಳೆದುಕೊಂಡು ಹೋಗಿ ಆಂಪ್ಲಿಫೈಯರ್ ಪಕ್ಕ ಕೂತರು. ಸದ್ದು ಹೆಚ್ಚುಕಡಿಮೆ ಮಾಡುವ ತಿರುಗಣೆಯ ಮೇಲೆ ಬೆರಳಿಟ್ಟರು. ನಾನು ಆ ಪದಗಳ ಹತ್ತಿರ ಬಂದಾಗಲೆಲ್ಲ ಸದ್ದು ಇಳಿಸಿದರು, ದಾಟಿದ ಮೇಲೆ ಏರಿಸಿದರು.

ಅದರಿಂದಾಗಿ ಸಭೆಗೆ ಕೇಳಿಸಿದ ಭಾಷಣ ಹೀಗಿತ್ತು. ಈ ಕ್ಯಾನ್ಸರ್ ಹೆಂಗಸರ... ಬರುತ್ತದೆ. ಇದಕ್ಕೆ ಕಾರಣವಾದ ವೈರಸ್... ಮೂಲಕ ಹರಡುತ್ತದೆ. ಗಂಡಸರಿಂದ ಹೆಂಗಸರಿಗೆ, ಹೆಂಗಸರಿಂದ ಗಂಡಸರಿಗೆ. ಗಂಡಸರಿಗೂ ಇದರಿಂದ ಗಂಟಲಿನಲ್ಲಿ ಮತ್ತು... ಕ್ಯಾನ್ಸರ್ ಬರಬಹುದು.

ಗಂಡಸರಿಗೂ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಕೆಲವರು ಎದ್ದು ಉಪ್ಪಿಟ್ಟು ಬಂತೇ ಎಂದು ನೋಡಲು ಹೋದರು. ಹೆಂಗಸರ ಕ್ಯಾನ್ಸರ್ ಎಂದಾಗ ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಕೇಳುತ್ತಿದ್ದರು.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದೆವು. ಒಬ್ಬ ಹಿರಿಯರು ಎದ್ದು ನಿಂತರು. "ಯಾವುದರ ಮೂಲಕ ಹರಡುತ್ತೆ ಅನ್ನೋದು ಕೇಳಿಸಲಿಲ್ಲ. ಎಂಜಲು ಲೋಟದಿಂದಲಾ?"

ನಾನು ಬಾಯಿ ತೆರೆದೆ. ಸೆಕ್ರೆಟರಿ ಮೈಕನ್ನೇ ಆರಿಸಿ, "ಕಾಫಿ ರೆಡಿ ಇದೆ, ಎಲ್ಲರೂ ತಗೊಳ್ಳಿ" ಎಂದು ಸ್ವಂತ ಗಂಟಲಿನಲ್ಲಿ ಕೂಗಿದರು.

ಪರಿಣಾಮ ಏನೆಂದರೆ ಲೋಟದಿಂದಲೇ ಎಂದು ಸಭೆ ತೀರ್ಮಾನಿಸಿತು. ಅಂದು ಯಾರೂ ಕಾಫಿ ಲೋಟವನ್ನು ತುಟಿಗೆ ತಾಗಿಸಲಿಲ್ಲ. ತಮಿಳರ ಹಾಗೆ ಎತ್ತಿ ಕುಡಿಯುವ ರೂಢಿ ನಮ್ಮವರಿಗೆ ಅಷ್ಟಾಗಿ ಇಲ್ಲ. ತಲೆ ಹಿಂದಕ್ಕೆ ಬಾಗಿಸಿ, ಬಿಸಿ ಕಾಫಿಯನ್ನು ಮೇಲಿನಿಂದ ಬಾಯಿಗೆ ಸುರಿದುಕೊಂಡರು. ಸೆಕ್ರೆಟರಿಗೆ ಎಲ್ಲವೂ ಗೊತ್ತಿತ್ತಲ್ಲ, ಆದರೂ ಅವರೂ ಎತ್ತಿಯೇ ಕುಡಿದರು. ಮರುದಿನ ಅವರ ಬಿಳಿ ಜುಬ್ಬ ಡ್ರೈಕ್ಲೀನಿಂಗಿಗೆ ಹೋಯಿತು.

ಇಲ್ಲಿಗೆ ನಗು ಮುಗಿಯಬೇಕು. ನಾನು ಇನ್ನೂ ಒಂದು ವಿಷಯ ಹೇಳಬೇಕು. ಎಲ್ಲರೂ ಬಟ್ಟೆ ಒರೆಸಿಕೊಳ್ಳುತ್ತಿದ್ದಾಗ ಅಕ್ಕ ನನ್ನ ಹತ್ತಿರ ಬಂದಳು.

"ಲೋ, ಡಾಕ್ಟರಮ್ಮ ಏನೋ ಹೇಳಿದ್ರಲ್ಲ. ನಿಂತು ಹೋದ್ಮೇಲೆ ಮತ್ತೆ ಕಾಣಿಸ್ಕೊಂಡ್ರೆ ಅಂತ. ಅಷ್ಟರಲ್ಲಿ ಸದ್ದು ಹೋಯ್ತು. ಏನ್ಮಾಡ್ಬೇಕಂತೆ?"

"ತಡ ಮಾಡದೆ ಬಂದು ತೋರಿಸ್ಬೇಕು. ಯಾಕಕ್ಕಾ?"

"ನಂಗಲ್ಲ ಕಣೋ. ನಮ್ಮ ಬೀದೀಲಿ ಒಬ್ಬರಿಗೆ."

"ಯಾರಿಗೆ?"

"ನಿಂಗೆ ಗೊತ್ತಿಲ್ಲ ಬಿಡು. ಹೇಳ್ತೀನಿ ಅವರಿಗೆ."

ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಅವಳು ತಿನ್ನದೆ ಕೆಳಗಿಟ್ಟಳು. ಅಷ್ಟು ಹೊತ್ತಿನ ಭಾಷಣದಲ್ಲಿ ಅವಳಿಗೆ ಬೇಕಾಗಿದ್ದು ಅದೊಂದೇ ವಾಕ್ಯ. ಆ ವಾಕ್ಯವನ್ನೇ ಆ ಬೆರಳು ನುಂಗಿತ್ತು. ಸೆಕ್ರೆಟರಿ ಇದನ್ನು ಓದುತ್ತಾರೆಂದು ಗೊತ್ತು. ಓದಲಿ ಎಂದೇ ಬರೆದಿದ್ದೇನೆ.

೪. ಮಂಡಿ

ಅದಾದ ಮೇಲಿನ ವಾರ ಅಕ್ಕ ಒಬ್ಬಳೇ ಅಂಬತ್ತೂರಿನಿಂದ ಬಸ್ಸು ಹತ್ತಿ ಕ್ಲಿನಿಕ್ಕಿಗೆ ಬಂದಳು. ಮೆಟ್ಟಿಲು ಹತ್ತಿ, ಮೇಲೆ ನಿಂತು, ಸುತ್ತ ನೋಡಿದಳು. ಎದುರಿಗೆ ನಾನು.

"ಏನಕ್ಕಾ?" ಅಂದೆ.

ಬೆಂಚಿನ ತುಂಬ ಹೆಂಗಸರು. ಎಲ್ಲರೂ ತಿರುಗಿ ನೋಡಿದರು.

"ಮಂಡಿ ನೋವು" ಅಂದಳು.

ಹೆಂಗಸರ ಡಾಕ್ಟರ ಹತ್ತಿರ ಮಂಡಿಗೆ ಯಾರೂ ಬರುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲವೇ. ನಾನು ಏನೂ ಕೇಳದೆ ಟೋಕನ್ ಕೊಟ್ಟೆ, ಒಳಗೆ ಹೋದರೆ ಹೇಳುತ್ತಾಳೆ ಎಂದು. ಒಳಗೆ ಹೋದಳು. ಡಾಕ್ಟರಮ್ಮ ಏನೆಂದು ಕೇಳಿದರು. ನನ್ನ ಮೇಜು ಬಾಗಿಲಿಗೆ ಅಂಟಿಕೊಂಡಿತ್ತು ಎಂದು ಹೇಳಿದ್ದೇನಲ್ಲ, ಒಳಗಿನ ಮಾತು ಹೊರಗೆ ಕೇಳುತ್ತಿತ್ತು. ಅದು ಅಕ್ಕನಿಗೂ ಕಂಡಿತು. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಗಟ್ಟಿಯಾಗಿ, ನನಗೆ ಕೇಳಿಸಲಿ ಎಂದೇ, "ಮಂಡಿ ನೋವು ಡಾಕ್ಟರಮ್ಮ" ಅಂದಳು.

ಡಾಕ್ಟರಮ್ಮ ಎಷ್ಟು ಕೆದಕಿದರೂ ಮಂಡಿ ಬಿಟ್ಟು ಮೇಲೆ ಹೋಗಲಿಲ್ಲ. ಕೊನೆಗೆ ಅವರು ಮೂಳೆ ಡಾಕ್ಟರಿಗೆ ಚೀಟಿ ಬರೆದರು. ಚೀಟಿ ಬರೆದ ಮೇಲೆ ಹೋಗದಿದ್ದರೆ ಸುಳ್ಳು ಬಯಲಾಗುತ್ತದೆ ಎಂದು ಅಕ್ಕ ಅಲ್ಲಿಗೂ ಹೋದಳು. ಅವರು ಎಕ್ಸ್‌ರೇ ತೆಗೆದರು. ನೋಡಿದರೆ ಮಂಡಿ ನಿಜಕ್ಕೂ ಸವೆದಿತ್ತು. ಗುಳಿಗೆ ಕೊಟ್ಟರು, ಎಣ್ಣೆ ಕೊಟ್ಟರು, ಕಾಲು ಎತ್ತಿ ಇಳಿಸುವ ವ್ಯಾಯಾಮ ಹೇಳಿಕೊಟ್ಟರು. ಭಾವ ದಿನಾ ಬೆಳಿಗ್ಗೆ ಪಕ್ಕದಲ್ಲಿ ನಿಂತು ವ್ಯಾಯಾಮ ಮಾಡಿಸಿದರು. ತಿಂಗಳಲ್ಲಿ ಅಕ್ಕ ನೆಲದ ಮೇಲೆ ಕೂತು ಏಳುವಂತಾದಳು. ಭಾವ ನನಗೆ ಫೋನ್ ಮಾಡಿ, "ನಿಮ್ಮ ಡಾಕ್ಟರಮ್ಮ ಪರವಾಗಿಲ್ಲ ಕಣಯ್ಯಾ, ನೋಡಿದ ತಕ್ಷಣ ಹಿಡಿದುಬಿಟ್ರು" ಅಂದರು.

ನೋವೇ ಹೇಳಿಕೊಳ್ಳದ ಮಂಡಿಗೆ ಇಡೀ ಚೆನ್ನೈ ಔಷಧ ಕೊಟ್ಟಿತ್ತು. ರಕ್ತ ಹೋಗುತ್ತಲೇ ಇತ್ತು.

ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. "ನಿಮ್ಮ ಅಕ್ಕ ಬಂದಿದ್ದು ಮಂಡಿಗಲ್ಲ."

"ಗೊತ್ತು ಮೇಡಂ. ಕೇಳಿದರೆ ಹೇಳೋದಿಲ್ಲ."

"ನೀವು ಅಲ್ಲಿ ಕೂತಿರೋವರೆಗೂ ಹೇಳಲ್ಲ. ನೀವು ಆಕೆ ಜಾಗದಲ್ಲಿದ್ದು, ಆಕೆ ನಿಮ್ಮ ಕುರ್ಚಿಯಲ್ಲಿ ಕೂತಿದ್ರೆ, ನಿಮಗೆ ಮಂಡಿ ನೋಯ್ತಿರಲಿಲ್ವಾ?"

ಯೋಚಿಸಿದೆ. ಎರಡೂ ಮಂಡಿ ನೋಯುತ್ತಿದ್ದವು.

೫. ಪರದೆ

ನಾನು ರಜೆ ಹಾಕಿದೆ. ಅಕ್ಕನಿಗೆ ಫೋನ್ ಮಾಡಿ, "ನಾಳೆ ನಾನು ಊರಲ್ಲಿರೋದಿಲ್ಲ. ಮೇಜಿನ ಹತ್ತಿರ ನರ್ಸ್ ಕೂತಿರ್ತಾರೆ. ನಿಮ್ಮ ಬೀದಿಯ ಅವರನ್ನ ಕಳಿಸೋ ಹಾಗಿದ್ರೆ ಕಳಿಸು" ಅಂದೆ. ಅಕ್ಕ "ಹೂಂ, ಹೇಳ್ತೀನಿ" ಅಂದಳು.

ಮರುದಿನ ನಾನು ಕೆಳಗಿನ ಬೇಕರಿಯಲ್ಲಿ, ಬ್ರೆಡ್ಡಿನ ಕಪಾಟಿನ ಹಿಂದೆ ಟೀ ಹಿಡಿದು ಕೂತೆ. ಅಕ್ಕ ಬಂದಳು. ನನಗೆ ಸಮಾಧಾನವಾಗಲು ಹೊರಟಿತ್ತು, ಹಿಂದೆಯೇ ಬಸ್ಸಿನಿಂದ ಭಾವನೂ ಇಳಿದರು. ಅವಳ ತಮ್ಮ ಊರಲ್ಲಿಲ್ಲ, ಒಬ್ಬಳನ್ನೇ ಹೇಗೆ ಕಳಿಸುವುದು ಎಂದು ಜೊತೆಗೆ ಬಂದಿದ್ದರು.

ಭಾವನ ಬಗ್ಗೆ ಹೇಳಬೇಕು. ಅಂಬತ್ತೂರಿನ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಇನ್‌ಸ್ಪೆಕ್ಟರು ಬಂದು ಕೆಲಸಗಾರನನ್ನು ಏನಾದರೂ ಕೇಳಿದರೆ ಫೋರ್‌ಮನ್ನೇ ಉತ್ತರ ಹೇಳಬೇಕು, ಕೆಲಸಗಾರ ಬಾಯಿ ಬಿಡಬಾರದು ಎನ್ನುವುದು ಅಲ್ಲಿಯ ಪದ್ಧತಿಯಂತೆ. ಆ ಪದ್ಧತಿಯನ್ನು ಅವರು ಮನೆಗೂ ತಂದಿದ್ದರು. ಅಕ್ಕನ ಪರವಾಗಿ ಸೊಪ್ಪಿನವಳ ಹತ್ತಿರ, ನೆಂಟರ ಹತ್ತಿರ, ಫೋನಿನಲ್ಲಿ ನನ್ನ ಹತ್ತಿರ, ಎಲ್ಲ ಕಡೆ ಅವರೇ ಮಾತು. ಅಕ್ಕನಿಗೆ ಬಾಯಾರಿಕೆ ಎನ್ನುವುದನ್ನೂ ಅವರೇ ಹೇಳಿ ನೀರು ತರಿಸುತ್ತಾರೆ. ಪ್ರೀತಿ ಇಲ್ಲದವರಲ್ಲ. ಸಿಟ್ಟು ಬರುವುದೇ ಅದಕ್ಕೆ, ಇಲ್ಲದಿದ್ದರೆ ಬೈದು ಮುಗಿಸಬಹುದಿತ್ತು.

ಮುಂದೆ ನಡೆದದ್ದನ್ನು ನಾನು ನೋಡಲಿಲ್ಲ. ನರ್ಸ್ ಹೇಳಿದ್ದು. ಆಮೇಲೆ ಅಕ್ಕನೂ ಹೌದೆಂದಳು.

ಒಳಗೆ ಹೋದವರೇ ಭಾವ ಡಾಕ್ಟರಮ್ಮನ ಎದುರಿನ ಕುರ್ಚಿಯಲ್ಲಿ ಕೂತರು. ಅಕ್ಕ ಪಕ್ಕದ ಸ್ಟೂಲಿನಲ್ಲಿ.

"ಏನು ತೊಂದರೆ ಅಮ್ಮ?" ಎಂದು ಡಾಕ್ಟರಮ್ಮ ಅಕ್ಕನನ್ನು ಕೇಳಿದರು.

"ಸುಸ್ತು ಡಾಕ್ಟರ್. ಸೊಪ್ಪು ತಿನ್ನಲ್ಲ" ಅಂದರು ಭಾವ.

"ಮುಟ್ಟು ನಿಂತು ಎಷ್ಟು ಕಾಲ ಆಯ್ತಮ್ಮ?"

"ಅದೆಲ್ಲ ನಾನು ರಿಟೈರ್ ಆಗೋಕೆ ಮುಂಚೆನೇ ಮುಗೀತು."

"ಆಮೇಲೆ ಯಾವಾಗ್ಲಾದ್ರೂ ರಕ್ತ ಕಾಣಿಸಿದೆಯಾ ಅಮ್ಮ?"

"ಛೆ, ಹಾಗೇನಿಲ್ಲ. ನಂಗೆ ಗೊತ್ತಿಲ್ದೆ ನಮ್ಮನೇಲಿ ಏನೂ ಆಗಲ್ಲ ಡಾಕ್ಟರ್."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ಸರಿ. ಹಾಗಾದ್ರೆ ಪ್ಯಾಂಟ್ ಬಿಚ್ಚಿ ಆ ಟೇಬಲ್ ಮೇಲೆ ಮಲಗಿ."

"ಯಾರು?"

"ನೀವೇ. ಎಲ್ಲ ಗೊತ್ತಿರೋದು ನಿಮಗೆ. ಪರೀಕ್ಷೆನೂ ನಿಮ್ಮನ್ನೇ ಮಾಡ್ತೀನಿ. ಸಿಸ್ಟರ್, ಪರದೆ ಎಳೀರಿ."

ನರ್ಸೋ, ಹೇಳಿದ ಮಾತು ಕೇಳುವವಳು. ಸರಕ್ಕನೆ ಪರದೆ ಎಳೆದಳು. ಪರದೆಯ ಬಳೆಗಳು ಕಂಬಿಯ ಮೇಲೆ ಜಾರಿದ ಸದ್ದು ಕೇಳಿದ್ದೇ ತಡ, ಫೋರ್‌ಮನ್ನರು ಬೆಲ್ಟು ಹಿಡಿದುಕೊಂಡು ಬಾಗಿಲ ಹೊರಗಿದ್ದರು.

ಸ್ಟೂಲಿನ ಮೇಲಿದ್ದ ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳಂತೆ. ಭುಜ ಕುಲುಕುವಷ್ಟು ನಕ್ಕಳಂತೆ. ನಗುನಗುತ್ತಲೇ ಯಾವಾಗ ಅಳುವಾಯಿತೋ ನರ್ಸಿಗೂ ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು ಅಕ್ಕ ಹೇಳಿದಳು. "ಯುಗಾದಿಯಿಂದ ಹೋಗ್ತಾ ಇದೆ ಡಾಕ್ಟರಮ್ಮ."

ಇತ್ತ ಭಾವ ಮೆಟ್ಟಿಲಿಳಿದು ನೇರ ಬೇಕರಿಗೆ ಬಂದರು. ಕಪಾಟಿನ ಹಿಂದೆ ನಾನು. ಊರಲ್ಲಿಲ್ಲದವನು, ಕೈಯಲ್ಲಿ ಬನ್ನು. ಏನು ಹೇಳಲಿ ಎಂದು ಎದ್ದು ನಿಂತೆ. ಅವರು ಅದನ್ನು ಗಮನಿಸಲೇ ಇಲ್ಲ. ನನ್ನ ಪಕ್ಕ ಕುಸಿದು ಕೂತು, ನನ್ನ ಟೀಯನ್ನೇ ಎತ್ತಿ ಕುಡಿದು, ಮೆಟ್ಟಿಲ ಕಡೆ ನೋಡುತ್ತ ಕೇಳಿದರು. "ಏನಯ್ಯಾ, ನಿಮ್ಮ ಡಾಕ್ಟರಮ್ಮ ಗಂಡಸರನ್ನೂ ನೋಡ್ತಾರಾ?"

ಪರೀಕ್ಷೆಗೆ ಕಳಿಸಿದ ಚೂರು ಮಾಂಸದಲ್ಲಿ ಕ್ಯಾನ್ಸರ್ ಇತ್ತು. ಇತ್ತು, ಆದರೆ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಸೆಕ್ರೆಟರಿಯವರಿಗೆ ಕೇಳಿಸಲಿ ಎಂದು ಇನ್ನೊಮ್ಮೆ ಬರೆಯುತ್ತೇನೆ, ಗರ್ಭಕೋಶ ತೆಗೆದರು. ಆಸ್ಪತ್ರೆಯ ವರಾಂಡದಲ್ಲಿ ಭಾವ ಗೋಡೆ ಕಡೆ ಮುಖ ಮಾಡಿ ನಿಂತಿದ್ದರು. ಯಾರೋ ಬಂದು ಏನಾಗಿದೆ ಎಂದು ಕೇಳಿದರೆ, ಅದೊಂದೇ ಸಲ, ಅವರಿಂದ ಉತ್ತರ ಬರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ನನಗೆ ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅಕ್ಕ ಈಗ ಚೆನ್ನಾಗಿದ್ದಾಳೆ. ಕೆಲವು ತಿಂಗಳಿಗೊಮ್ಮೆ ತಪಾಸಣೆಗೆ ಬರಬೇಕು. ಇವತ್ತೂ ಬಂದಿದ್ದಾಳೆ. ಒಳಗಿದ್ದಾಳೆ. ಡಾಕ್ಟರಮ್ಮನ ಆಜ್ಞೆಯಂತೆ ಭಾವ ಹೊರಗೆ. ನನ್ನನ್ನೂ ಬಾಗಿಲಿನಿಂದ ಎಬ್ಬಿಸಿ ಮೇಜನ್ನು ಮೆಟ್ಟಿಲ ಹತ್ತಿರ ಹಾಕಿಸಿದ್ದಾರೆ, ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಭಾವ ಇಷ್ಟು ಹೊತ್ತು ಎದುರಿನ ಬೆಂಚಿನಲ್ಲಿದ್ದರು, ಈಗ ಕಾಣಿಸುತ್ತಿಲ್ಲ, ಟೀಗೆ ಹೋಗಿರಬೇಕು.

ಮುಗಿಸುವ ಮೊದಲು ಒಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಲಸಿಕೆ ಬೇರೆ, ಪರೀಕ್ಷೆ ಬೇರೆ. ಲಸಿಕೆ ಹಾಕಿಸಿಕೊಂಡವರೂ ದೊಡ್ಡವರಾದ ಮೇಲೆ ಪರೀಕ್ಷೆ ಬಿಡಬಾರದು, ಲಸಿಕೆ ಆ ವೈರಸ್ಸಿನ ಎಲ್ಲ ಬಗೆಯನ್ನೂ ತಡೆಯುವುದಿಲ್ಲ. ಇನ್ನು ಗಂಡಸರ ವಿಷಯ. 'ಇದು ಹೆಂಗಸರ ಕಾಯಿಲೆ, ನಮಗೇನು' ಎನ್ನುವವರು ಸರಿಯಾಗಿ ಕೇಳಿಸಿಕೊಳ್ಳಬೇಕು. ವೈರಸ್ಸಿಗೆ ಗಂಡು ಹೆಣ್ಣು ಎನ್ನುವ ಭೇದ ಇಲ್ಲ, ಅದು ಮೈಯಲ್ಲಿದ್ದರೂ ಗೊತ್ತೇ ಆಗುವುದಿಲ್ಲ, ಹಾಗಾಗಿ ಗಂಡಸರಾದವರು ಮೊದಲು ಮಾಡಬೇಕಾದ್ದು ಏನೆಂದರೆ

ನರ್ಸ್ ಬಾಗಿಲಿನಿಂದ ತಲೆ ಹಾಕಿ ಕೂಗುತ್ತಿದ್ದಾಳೆ. "ಸಾರ್, ಸೀಕ್ರಂ ವಾಂಗ, ಬೇಗ ಬನ್ನಿ. ಡಾಕ್ಟರ್ ರೂಮಿನ ಹಿಂದಿನ ಮೆಟ್ಟಿಲಿಗೆ ಹೋಗಿ ನಿಮ್ಮ ಭಾವನ್ನ ಕೆಳಗಿಳಿಸಿ. ಡಾಕ್ಟರ್ ಅಕ್ಕನ್ನ ಕೇಳ್ತಿದ್ದಾರೆ, ಉತ್ತರ ಕಿಟಕಿಯಿಂದ ಬರ್ತಿದೆ."